ಅಕ್ಕೋರ ಪಡಸಾಲೆಯಲ್ಲಿ ಹವಳದ ತೊಟ್ಟಿ

ಜಹೀರಾಬಾದಿನ ಜೂನಿಯರ್ ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ಅವರನ್ನು ನಾವ್ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಕನ್ನಡದವರಿಗೆ ಅವರು ಅಕ್ಕೋರು, ಅಂದರೆ ಟೀಚರು. ತೆಲುಗಿನ ವಿದ್ಯಾರ್ಥಿಗಳು ಅದನ್ನೇ ಹೆಸರೆಂದುಕೊಂಡು ‘ಅಕ್ಕೋರು ಮೇಡಂ’ ಎನ್ನುತ್ತಿದ್ದರು. ಹೊಸದಾಗಿ ಬಂದ ಪ್ರಿನ್ಸಿಪಾಲರೊಬ್ಬರು ಒಂದು ಸಲ ಸುತ್ತೋಲೆಯಲ್ಲಿ ‘ಶ್ರೀಮತಿ ಅಕ್ಕೋರು’ ಎಂದೇ ಬರೆಸಿಬಿಟ್ಟಿದ್ದರು. ಅಕ್ಕೋರು ‘ಶ್ರೀಮತಿ’ಯನ್ನು ಹೊಡೆದು ‘ಕುಮಾರಿ’ ಎಂದು ತಿದ್ದಿ, ಉಳಿದದ್ದನ್ನು ಹಾಗೆಯೇ ಬಿಟ್ಟು ಸಹಿ ಹಾಕಿದರು. ಹೋದ ತಿಂಗಳು ಅವರು ತೀರಿಕೊಂಡಾಗ ಪತ್ರಿಕೆಯ ಮೂಲೆಯಲ್ಲಿ ಬಂದ ನಿಜವಾದ ಹೆಸರನ್ನು ಓದಿ, ಯಾರೋ ಬೇರೆಯವರಿರಬೇಕು ಎಂದು ಪುಟ ತಿರುವಿದವರು ನಮ್ಮಲ್ಲಿ ಬಹಳ ಮಂದಿ. ಆದ್ದರಿಂದ ಇಲ್ಲಿಯೂ ಅವರು ಅಕ್ಕೋರಾಗಿಯೇ ಇರಲಿ.

ನಾನು ನಾರಾಯಣಖೇಡದಿಂದ ಹೋಗಿ ಆ ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದು ಓದಿದವಳು. ಅಕ್ಕೋರ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ಭರಣಿ ಇತ್ತು. ಅದರೊಳಗೆ ಕೈಬೆರಳುಗಳಂತೆ ಕವಲೊಡೆದ, ಸುಣ್ಣದಷ್ಟು ಬಿಳಿಯ ಹವಳ. ನಮ್ಮ ತರಗತಿಯಲ್ಲಿ ಯಾರೋ ಅದನ್ನು ಕಲ್ಲು ಎಂದರು. ಅಕ್ಕೋರು ಭರಣಿಯನ್ನು ಮೇಜಿನ ಮೇಲಿಟ್ಟು, "ಇದು ಕಲ್ಲಲ್ಲ. ಮನಿ. ಮನ್ಯಾಗಿನವ್ರು ಹೋಗ್ಯಾರ" ಎಂದರು. ಆಮೇಲೆ ಆ ಮನೆಯವರು ಎಷ್ಟು ಸಣ್ಣವರು, ಹೇಗೆ ಬಾಯಿ ತೆರೆಯುತ್ತಾರೆ, ಒಬ್ಬರ ಪಕ್ಕದಲ್ಲಿ ಒಬ್ಬರು ಹೇಗೆ ಗೋಡೆ ಕಟ್ಟಿಕೊಳ್ಳುತ್ತಾರೆ ಎಂಬುದನ್ನು ತಮ್ಮ ಕೈಬೆರಳುಗಳನ್ನೇ ಮುಚ್ಚಿ ತೆರೆದು ತೋರಿಸಿದರು. ಪರೀಕ್ಷೆಗೆ ಬಂದದ್ದು ಬೇರೆ ಪ್ರಶ್ನೆ. ನನಗೆ ಇವತ್ತಿಗೂ ನೆನಪಿರುವುದು ಆ ಬೆರಳುಗಳು.

ವರ್ಷಗಳ ಮೇಲೆ ನಾನು ಅದೇ ಕಾಲೇಜಿಗೆ ಸಸ್ಯಶಾಸ್ತ್ರದ ಲೆಕ್ಚರರ್ ಆಗಿ ಹೋದೆ. ಮೊದಲ ತರಗತಿಗೆ ಅಕ್ಕೋರು ಹೇಳದೆ ಕೇಳದೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದತೊಡಗಿದರು. ಒಂದು ಸಲವೂ ತಲೆಯೆತ್ತಲಿಲ್ಲ. ಗಂಟೆ ಹೊಡೆದ ಮೇಲೆ ಹೊರಗೆ ಹೋಗುತ್ತ ನನಗೆ ಮಾತ್ರ ಕೇಳಿಸುವಂತೆ, "ಛಲೋ ಆತು. ಗಡಿಯಾರ ನೀ ನೋಡಬ್ಯಾಡ. ಅವ್ರು ನೋಡ್ತಾರ, ಸಾಕು" ಎಂದರು.

ಎತ್ತರದ ಹೆಂಗಸು. ಗಂಜಿ ಹಾಕಿದ ನೂಲಿನ ಸೀರೆ, ಹಣೆಯಲ್ಲಿ ತೆಳುವಾದ ವಿಭೂತಿ, ಹೆಗಲಿಗೆ ಖಾದಿ ಚೀಲ. ನಡೆದೇ ಬರುತ್ತಿದ್ದರು, ನಡೆದೇ ಹೋಗುತ್ತಿದ್ದರು. ಹುಟ್ಟಿದ್ದು ತಾಂಡೂರಿನಲ್ಲಿ. ತಂದೆಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇತ್ತು. ಯಾಲಾಲ ಕಡೆಯಿಂದ ಕೆಲಸಗಾರರು ಬರುತ್ತಿದ್ದರಂತೆ. ಮಷೀನಿನ ಹತ್ತಿರ ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ, ಆದರೆ ಕಲ್ಲಿಗೆ ನೀರು ಬಿಡುವ ಕೆಲಸ ಇವರದೇ. ಒಣಗಿದ ಕಲ್ಲನ್ನು ತಿಕ್ಕಿದರೆ ಏಳುವ ಧೂಳು ಎದೆಗೆ ಇಳಿಯುತ್ತದೆ. ನೀರಿಲ್ಲದ ಬೇಸಿಗೆಗಳಲ್ಲೂ ಕೆಲಸ ನಿಲ್ಲಿಸದೆ ಹಾಗೆಯೇ ತಿಕ್ಕಿದ ತಂದೆ ಐವತ್ತು ದಾಟುವ ಮೊದಲೇ ಕೆಮ್ಮಿ ಕೆಮ್ಮಿ ಹೋದರು. ಅದರಿಂದಲೋ ಏನೋ, ಅಕ್ಕೋರಿಗೆ ‘ಮೊದಲ ನೀರು’ ಎಂಬುದು ಎಲ್ಲದಕ್ಕೂ ಅನ್ವಯಿಸುವ ಮಾತಾಗಿತ್ತು. ಸ್ಟಾಫ್ ರೂಮಿನಲ್ಲಿ ಯಾರು ಸಿಟ್ಟಿನಿಂದ ಬಂದರೂ ಮುಂದೆ ಒಂದು ಲೋಟ ನೀರು ಬರುತ್ತಿತ್ತು. ಕುಡಿದು ಮುಗಿಸುವವರೆಗೆ ಅವರು ಒಂದು ಮಾತೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಆಂಧ್ರದಿಂದ ಬೇರೆಯಾಗಲು ಪ್ರತ್ಯೇಕ ರಾಜ್ಯದ ಚಳವಳಿ ಬಿಸಿಯೇರಿ, ಸರಕಾರಿ ನೌಕರರೆಲ್ಲ ಮುಷ್ಕರಕ್ಕೆ ಕುಳಿತಾಗ ನಮ್ಮ ಕಾಲೇಜಿನ ಸಮಿತಿಗೆ ಅಕ್ಕೋರೇ ಅಧ್ಯಕ್ಷರು. ಆ ಹುದ್ದೆ ಅವರಿಗೆ ಶೋಭೆಗಾಗಿ ಬಂದದ್ದಲ್ಲ. ಕಂಗ್ಟಿಯ ಕಡೆಯಿಂದ ಬಂದು ಓದಿದ ಎಷ್ಟೋ ವಿದ್ಯಾರ್ಥಿಗಳು ಕೆಲಸ ಸಿಗದೆ ಊರಿಗೆ ಮರಳಿದ್ದನ್ನು ಅವರು ಹೆಸರು ಹೇಳಿ ವಿವರಿಸಬಲ್ಲವರಾಗಿದ್ದರು. ನಾನು ಕಾರ್ಯದರ್ಶಿ. ಇಪ್ಪತ್ತೇಳು ವರ್ಷ, ದೊಡ್ಡ ದನಿ, ಎಲ್ಲವೂ ನನಗೆ ತಿಳಿದಿದೆ ಎಂಬ ಹಮ್ಮು. ಬಸ್ಸುಗಳು ನಿಂತು ಊರಿಗೆ ಹೋಗುವಂತಿರಲಿಲ್ಲ. ಹೀಗಾಗಿ ದಿನವಿಡೀ ಮುಷ್ಕರದ ಟೆಂಟಿನಲ್ಲೇ ಇರುತ್ತಿದ್ದೆ.

ಅಕ್ಕೋರ ಮನೆಯ ಮಹಡಿಯಲ್ಲಿ ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್ ಮತ್ತು ಅವರ ಹೆಂಡತಿ ಬಾಡಿಗೆಗಿದ್ದರು. ಆಂಧ್ರದ ಕರಾವಳಿಯವರು. ಸರ್ ಮಿತಭಾಷಿ. ಹೆಂಡತಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಮದುವೆಯಾಗಿ ವರ್ಷವಾಗಿರಲಿಲ್ಲ. ಸಮುದ್ರದ ಪಕ್ಕದಲ್ಲೇ ಬೆಳೆದವಳು ಇಲ್ಲಿ ದಿನಗಟ್ಟಲೆ ಬಾಗಿಲು ಹಾಕಿಕೊಂಡು ಇರುವುದನ್ನು ನೋಡಲಾರದೆ, ಅವಳಿಗಾಗಿ ಉಪ್ಪುನೀರಿನ ಒಂದು ಹವಳದ ತೊಟ್ಟಿ ಮಾಡಬೇಕೆಂದು ಸರ್ ಹೈದರಾಬಾದಿಗೆ ಹೋಗಿ, ಮುಚ್ಚಿಹೋದ ಹೋಟೆಲೊಂದರ ಹಳೆಯ ಅಕ್ರಿಲಿಕ್ ತೊಟ್ಟಿಯನ್ನು ಟೆಂಪೋದಲ್ಲಿ ತಂದರು. ನಾಲ್ಕು ಅಡಿ ಉದ್ದದ್ದು. ನೋಡಲು ಗಾಜಿನಂತೆಯೇ ಇದ್ದರೂ ಅಕ್ರಿಲಿಕ್ ಮೆದು, ಬೇಗ ಗೀರು ಬೀಳುತ್ತದೆ. ಮಾರಿದವರು ಒದ್ದೆ ಬಟ್ಟೆಯಿಂದ ಒರೆಸಿ ತೋರಿಸಿದ್ದರು. ನೀರು ಹಚ್ಚಿದರೆ ಗೀರುಗಳು ಕಾಣುವುದಿಲ್ಲ. ಜಹೀರಾಬಾದ್ ಮುಟ್ಟಿ ಒಣಗಿದ ಮೇಲೆ ನೋಡಿದರೆ ತೊಟ್ಟಿ ಪೂರ್ತಿ ಮಂಜು ಹಿಡಿದಂತಿತ್ತು. ವರ್ಷಗಟ್ಟಲೆ ಯಾರೋ ಪಾತ್ರೆ ತಿಕ್ಕುವ ತಂತಿಯ ಜುಂಗಿನಿಂದ ತೊಳೆದಿದ್ದರು.

ಸರ್ ಅದನ್ನು ಹೊರಗೆ ಎಸೆಯಲು ಹೊರಟಾಗ ಅಕ್ಕೋರು ಬಂದು ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಮೇಲಿಂದ ಕೆಳಗೆ ಎಳೆದು ನೋಡಿದರಂತೆ. "ಉಗುರು ಹತ್ತಿದಲ್ಲಿ ಗೆರಿ ಆಳ ಅದ. ಹತ್ತಲಾರದ್ದು ಮ್ಯಾಲಿನದು. ಒಡದಿಲ್ಲ, ಬಿರುಕು ಬಿಟ್ಟಿಲ್ಲ. ತಿಕ್ಕಿದ್ರ ಹೋಗ್ತದ. ಪಡಸಾಲಿಗಿ ತರ್ರಿ" ಎಂದರಂತೆ. ನೀರು ತುಂಬಿದರೆ ಮಹಡಿ ಭಾರ ತಡೆಯದು ಎಂದು ಲೆಕ್ಕ ಹಾಕಿದ್ದೂ ಅವರೇ. ಹೀಗೆ ಆ ತೊಟ್ಟಿ ಕೆಳಗೆ ಅಕ್ಕೋರ ಪಾಲಿಗೆ ಬಂತು.

ಇದಾವುದೂ ನನಗೆ ಗೊತ್ತಿರಲಿಲ್ಲ. ಟೆಂಟಿನಲ್ಲಿ ಮಾತು ಬೇರೆ ನಡೆದಿತ್ತು. ಮುಷ್ಕರದ ಅಧ್ಯಕ್ಷರ ಮನೆಯಲ್ಲೇ ಆಂಧ್ರದವರಿರುವುದು ಸರಿಯಲ್ಲ ಎಂದು ಕೆಲವರು ಶುರು ಮಾಡಿದರು. ಹೋಗಿ ಹೇಳಲು ನನ್ನನ್ನು ಆರಿಸಿದರು, ಶಿಷ್ಯೆಯ ಮಾತು ಕೇಳಿಯಾರು ಎಂದು. ಬಲವಂತಕ್ಕೆ ಹೋದೆ ಎಂದು ನಾನು ಈಗ ಹೇಳಿದರೆ ಸುಳ್ಳಾದೀತು. ನನಗೂ ಅದು ಸರಿಯೆನಿಸಿತ್ತು.

ಮಧ್ಯಾಹ್ನ ಹೋದಾಗ ಅಕ್ಕೋರು ಒಬ್ಬರೇ ನೆಲದ ಮೇಲೆ ಕುಳಿತು ತೊಟ್ಟಿಯ ಒಳಬದಿಯನ್ನು ತಿಕ್ಕುತ್ತಿದ್ದರು. ಮೊಣಕೈವರೆಗೆ ಹಾಲಿನಂಥ ಬಿಳಿ ನೀರು. ಸರ್ ಮೋಟರ್ ಸೈಕಲ್ಲಿನಲ್ಲಿ ಬೀದರಿಗೆ ಹೋಗಿದ್ದರು. ನಮ್ಮಲ್ಲಿ ಅಂಗಡಿಗಳು ಮುಚ್ಚಿದ್ದರೂ ಗಡಿಯಾಚೆ ತೆರೆದಿರುತ್ತಿದ್ದವು. ನೀರು ಹಾಕಿ ತಿಕ್ಕುವ ಉಪ್ಪು ಕಾಗದ, ಅಂದರೆ ಸ್ಯಾಂಡ್ ಪೇಪರ್, ಇನ್ನೂ ನುಣುಪಾದದ್ದು ತರಬೇಕಿತ್ತು.

ನನಗೆ ಮೊದಲು ನೀರು ಬಂತು. ಕುಡಿದೆ. ಆಮೇಲೆ ಹೇಳಿದೆ, "ಅಕ್ಕೋರೆ, ಅಧ್ಯಕ್ಷರ ಮನ್ಯಾಗೇ ಆಂಧ್ರಾದವ್ರು ಇದ್ದರ ಮಂದಿ ಏನಂತಾರ್ರಿ? ಅವ್ರಿಗಿ ಮನಿ ಖಾಲಿ ಮಾಡ್ರಿ ಅಂತ ಹೇಳ್ರಿ. ಎಲ್ಲಾರೂ ಅದೇ ಅನ್ಲಾಕತ್ಯಾರ."

ಅವರು ಒಂದು ತುಂಡು ಕಾಗದವನ್ನು ನೀರಿನಲ್ಲಿ ಅದ್ದಿ ನನಗೆ ಕೊಟ್ಟರು. "ಸೆರಗು ಸಿಗಿಸಿಕೋ. ಈ ಬದಿ ನೀ ತಿಕ್ಕು."

"ಅಕ್ಕೋರೆ, ನಾ ಹೇಳಿದ್ದು..."

"ಕೇಳೀನಿ. ಒಂದೇ ಕಡೆ ತಿಕ್ಕಬ್ಯಾಡ, ಕುಣಿ ಬೀಳ್ತದ. ಕುಣಿ ಬಿದ್ರ ಒಳಗಿನ ಮೀನ ಸೊಟ್ಟ ಕಾಣ್ತಾವ. ಅಗಲಕ ತಿಕ್ಕು."

ನಾನು ತಿಕ್ಕತೊಡಗಿದೆ. ಅವರಿಗೆ ಇಲ್ಲ ಎನ್ನುವುದು ನನಗೆ ಅಭ್ಯಾಸವಿರಲಿಲ್ಲ. ಒಂದು ಬದಿ ಅರ್ಧ ಮುಗಿದಾಗ ಅವರೇ ಮಾತೆತ್ತಿದರು. "ಮ್ಯಾಲಿನ ಹುಡುಗಿ ಸಂತ್ಯಾಗ ಮಾತಾಡಂಗಿಲ್ಲ, ಗೊತ್ತೇನು ನಿನಗ? ಬಾಯಿ ತೆರದ್ರ ಯಾವ ಕಡಿಯಾಕಿ ಅಂತ ತಿಳೀತದ. ಅದಕ್ಕ ಬೆರಳು ಮಾಡಿ ತೋರಿಸಿ ಕಾಯಿಪಲ್ಯ ತರ್ತಾಳ, ಮೂಕಿ ಹಂಗ. ಎರಡು ವಾರದಿಂದ ನೋಡ್ಲಾಕತ್ತೀನಿ." ಕಾಗದವನ್ನು ಬಕೆಟ್ಟಿನಲ್ಲಿ ಜಾಲಿಸಿದರು. "ನಾವು ರಾಜ್ಯ ಕೇಳ್ಲಾಕತ್ತೀವಿ. ಬದನಿಕಾಯಿ ಕೇಳಾಕ ಒಬ್ಬಾಕಿ ಅಂಜಬೇಕು ಅಂತ ನಾವ್ಯಾರೂ ಕೇಳಿಲ್ಲ."

ಅಷ್ಟೇ. ಸಂಜೆಗೆ ನಾನು ಹೊರಟಾಗ, "ನಾಳೆ ಆರನೂರರ ಕಾಗದ ಬರ್ತದ. ಬಾ" ಎಂದರು. ಟೆಂಟಿನವರಿಗೆ ಏನು ಹೇಳಬೇಕೆಂದು ತಿಳಿಯದೆ, ಅಕ್ಕೋರು ಯೋಚನೆ ಮಾಡುತ್ತಿದ್ದಾರೆ ಎಂದೆ.

ಮರುದಿನ ಹೋದೆ. ಅದರ ಮರುದಿನವೂ ಹೋದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಘೋಷಣೆ, ಆಮೇಲೆ ತಿಕ್ಕುವುದು. ನಾನೂರರಿಂದ ಶುರುವಾಗಿ ಆರನೂರು, ಎಂಟುನೂರು, ಸಾವಿರ, ಹೀಗೆ ಕಾಗದದ ನಂಬರ್ ಹೆಚ್ಚಿದಂತೆ ಅದು ನುಣುಪಾಗುತ್ತದೆ. ಒಂದು ನಂಬರಿನಲ್ಲಿ ಅಡ್ಡ ತಿಕ್ಕಿದರೆ ಮುಂದಿನದರಲ್ಲಿ ಉದ್ದ. ಹಿಂದಿನ ಕಾಗದದ ಗೀರುಗಳೆಲ್ಲ ಹೋಗುವ ತನಕ ಮುಂದಿನದನ್ನು ಮುಟ್ಟಲು ಅಕ್ಕೋರು ಬಿಡುತ್ತಿರಲಿಲ್ಲ. ನಾನು ಅವಸರ ಮಾಡಿ ಒದ್ದೆಯಲ್ಲೇ ‘ಆತ್ರಿ’ ಎಂದರೆ, "ಒಣಗಿದ ಮ್ಯಾಲ ನೋಡು" ಎನ್ನುತ್ತಿದ್ದರು. ಒಣಗಿದ ಮೇಲೆ ನೋಡಿದರೆ ಆಗಿರುತ್ತಿರಲಿಲ್ಲ.

ಎರಡನೆಯ ದಿನದಿಂದ ಮಹಡಿಯ ಹುಡುಗಿಯೂ ಕೆಳಗೆ ಬಂದು ಎದುರು ಬದಿಗೆ ಕುಳಿತಳು. ಮೊದಲು ನನ್ನ ಜೊತೆ ಮಾತಾಡಲಿಲ್ಲ. ನಾಚಿಕೆಯಿರಬೇಕೆಂದುಕೊಂಡೆ. ಅಕ್ಕೋರು ತಿಕ್ಕುತ್ತಲೇ ಅವಳಿಗೆ ಕನ್ನಡ ಹೇಳಿಕೊಡುತ್ತಿದ್ದರು. "ನಮ್ಮ ಸಂತ್ಯಾಗ ಕನ್ನಡದಾಗ ಕೇಳು. ಬೀದರ ಕಡಿಯಾಕಿ ಅಂದ್ಕೊತಾರ, ಯಾರೂ ಏನೂ ಅನ್ನಂಗಿಲ್ಲ. ಅನ್ನು, ಪುಂಡಿಪಲ್ಯ."

"ಪುಂಡಿಪಲ್ಯ."

"ಹಿಂಗ ದೇವರ ಮುಂದ ಬೇಡಿಕೊಂಡಂಗ ಅನ್ನಬ್ಯಾಡ. ಸಿಟ್ಟು ಮಾಡಿ ಅನ್ನು. ‘ಪುಂಡಿಪಲ್ಯ ತಾಜಾ ಅದನೋ ಇಲ್ಲೋ?’ ಹಂಗ ಕೇಳಿದ್ರ ನಮ್ಮಾಕಿ ಅಂತಾರ."

ಅವಳು ಸಿಟ್ಟಿನ ದನಿ ತಂದು ಹೇಳಿದಳು. ನಾವು ಮೂವರೂ ನಕ್ಕೆವು. ನಾಲ್ಕು ದಿನದ ಮೇಲೆ ಅವಳು ಸಂತೆಯಿಂದ ಬಂದು, ಪುಂಡಿಪಲ್ಯದ ಕಟ್ಟನ್ನು ಅಕ್ಕೋರ ಮುಂದಿಟ್ಟು, ಕೂಸು ಮೊದಲ ಹೆಜ್ಜೆ ಇಟ್ಟಾಗ ತಾಯಿ ನೋಡುವ ಹಾಗೆ ಅದನ್ನೇ ನೋಡುತ್ತ ನಿಂತಿದ್ದಳು.

ಟೆಂಟಿನವರಿಗೆ ಎಲ್ಲ ಗೊತ್ತಾಗಲು ವಾರ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಐದು ಮಂದಿ ಬಂದರು. ಮುಂದೆ ನಮ್ಮ ವ್ಯಾಯಾಮದ ಸರ್. ಹುಡುಗಿ ಎದ್ದು ಮಹಡಿಯ ಮೆಟ್ಟಿಲ ಕಡೆ ಓಡಿದಳು. ನಾನು ಕೈಯಲ್ಲಿ ಕಾಗದ ಹಿಡಿದು ಸಿಕ್ಕಿಬಿದ್ದ ಕಳ್ಳಿಯಂತೆ ನಿಂತೆ. ಅಕ್ಕೋರು ಮಾತ್ರ ಐದು ಲೋಟ ತುಂಬಿಸಿ ತಂದರು.

"ಅಕ್ಕೋರೆ, ಇದು ಇಜ್ಜತ್ತಿನ ಸವಾಲ್ ಅದ" ಎಂದರು ವ್ಯಾಯಾಮದ ಸರ್, ನೀರು ಕುಡಿದಾದ ಮೇಲೆ.

"ಹೌದು, ಅದ" ಎಂದರು ಅಕ್ಕೋರು. "ಅಧ್ಯಕ್ಷ ಪದವಿ ಬೇಕಾದ್ರ ಇವತ್ತೇ ತಗೋರಿ, ಬರದು ಕೊಡ್ತೀನಿ. ಮುಂಜಾನಿ ಟೆಂಟಿನ್ಯಾಗ ನಾ ಕೂಡಾಕ ಬರ್ತೀನಿ, ಅದನ್ನ ಬ್ಯಾಡ ಅನ್ನಬ್ಯಾಡ್ರಿ. ಆದ್ರ ಈ ಮನಿ ನಂದದ. ಇಲ್ಲಿ ಇರೋರು ನನ್ನ ಮನಿ ಮಂದಿ."

ಯಾರೂ ಕೂಗಾಡಲಿಲ್ಲ. ಅವರಲ್ಲಿ ಮೂವರು ಅಕ್ಕೋರ ಕೈಯಲ್ಲಿ ಕಲಿತವರು. ಆದರೆ ಪದವಿಯನ್ನು ತೆಗೆದುಕೊಂಡರು. ಮರುದಿನ ಟೆಂಟಿನಲ್ಲಿ ಹೊಸ ಅಧ್ಯಕ್ಷರ ಹೆಸರು ಓದಿದರು. ಅದು ಕಾರ್ಯದರ್ಶಿಯಾಗಿದ್ದ ನನ್ನ ಹೆಸರು. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಮೈಕು ಹಿಡಿದು ನಿಂತಾಗ ದನಿ ಒಡೆದು ಅರ್ಧಕ್ಕೆ ನಿಂತಿತು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಅಕ್ಕೋರು ತಮ್ಮ ಕೈಯನ್ನು ಮೊಣಕಾಲ ಮೇಲೆ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರು, ‘ಸಾವಕಾಶ, ಸಾವಕಾಶ’ ಎನ್ನುವಂತೆ. ನಾನು ಸಾವಕಾಶವಾಗಿ ಮಾತಾಡಿದೆ. ಮುಗಿದ ಮೇಲೆ ಅವರ ಬಳಿಗೆ ಹೋಗಿ ಏನೋ ಹೇಳಲು ತಡವರಿಸಿದಾಗ, "ಛಲೋ ಆತು ಬಿಡು. ಮೈಕ್ ನಂಗ ಎಂದೂ ಹೊಂದಲಿಲ್ಲ. ನಡಿ, ಇವತ್ತು ಎರಡು ಸಾವಿರದ ಕಾಗದ" ಎಂದರು.

ಕೊನೆಯ ಹೊಳಪಿಗೆ ತಾಂಡೂರಿನಿಂದ ಅವರ ತಮ್ಮ ಕಲ್ಲಿನ ಲಾರಿಯವರ ಕೈಯಲ್ಲಿ ಉಣ್ಣೆಯ ಮೆತ್ತೆ ಮತ್ತು ಪಾಲಿಶಿನ ಡಬ್ಬಿ ಕಳಿಸಿದರು. ತಿಕ್ಕಿ ಒರೆಸಿ, ಎಲ್ಲರೂ ಕೈಕಟ್ಟಿ ಕುಳಿತು ಅದು ಒಣಗುವುದನ್ನು ಕಾದೆವು. ಒಣಗಿತು. ಒಂದು ಬದಿಯಿಂದ ನೋಡಿದರೆ ಇನ್ನೊಂದು ಬದಿಯಲ್ಲಿ ಕುಳಿತ ಹುಡುಗಿಯ ಮೂಗುತಿಯ ಹರಳೂ ಕಾಣುತ್ತಿತ್ತು. ಕೆಳಗಿನ ಮೂಲೆಯಲ್ಲಿ, ಜೋಡಣೆಯ ಹತ್ತಿರ, ಆಳವಾದ ಒಂದು ಗೀರು ಮಾತ್ರ ಉಳಿದಿತ್ತು. ಭೌತಶಾಸ್ತ್ರದ ಸರ್ ಅದನ್ನೂ ತೆಗೆಯೋಣವೆಂದರು. "ಬ್ಯಾಡ್ರಿ. ಅಲ್ಲಿ ತೆಳ್ಳಗ ಆದ್ರ ನೀರಿನ ಭಾರಕ್ಕ ಸೀಳ್ತದ. ಮುಂದ ಒಂದು ಕಲ್ಲು ಇಡ್ರಿ, ಮುಚ್ಚತದ" ಎಂದರು ಅಕ್ಕೋರು.

ಮೂರು ದಿನ ಬರೀ ನೀರು ತುಂಬಿ ಸೋರುವುದೇ ಎಂದು ನೋಡಿದರು. ಆಮೇಲೆ ಉಪ್ಪು, ಮರಳು, ಕಲ್ಲು. ನೀರು ಹದಕ್ಕೆ ಬರಲು ವಾರಗಳು ಹಿಡಿದವು. ಅಷ್ಟರಲ್ಲಿ ಮುಷ್ಕರ ಮುಗಿದು ಬಸ್ಸುಗಳು ಓಡತೊಡಗಿದ್ದವು. ಗಟ್ಟಿ ಹವಳ ಮನೆಯಲ್ಲಿಡಲು ಕಾನೂನು ಬಿಡುವುದಿಲ್ಲ, ತಂದರೆ ತೊಟ್ಟಿಯನ್ನೇ ಒಡೆಯುತ್ತೇನೆ ಎಂದು ಅಕ್ಕೋರು ಮೊದಲೇ ಎಚ್ಚರಿಸಿದ್ದರು. ಹೈದರಾಬಾದಿನಲ್ಲಿ ಒಬ್ಬರ ತೊಟ್ಟಿಯಲ್ಲೇ ಬೆಳೆದ ಮೆದು ಹವಳದ ಒಂದು ತುಂಡನ್ನು ಸರ್ ತಂದರು. ಎರಡು ದಿನ ಅದು ಒದ್ದೆ ಬಟ್ಟೆಯ ಚೂರಿನಂತೆ ಮುದುಡಿ ಬಿದ್ದಿತ್ತು. ಮೂರನೆಯ ದಿನ ಬೆಳಿಗ್ಗೆ ತೆರೆಯಿತು, ಕಂದುಹಸಿರು ಬಣ್ಣದ ನೂರಾರು ಸಣ್ಣ ಕೈಗಳು. ಮೂವತ್ತು ವರ್ಷ ಬಿಳಿಯ ಎಲುಬನ್ನು ಮುಂದಿಟ್ಟುಕೊಂಡು ಪಾಠ ಹೇಳಿದ ಅಕ್ಕೋರು ಸ್ಟೂಲು ಎಳೆದುಕೊಂಡು ಕುಳಿತವರು ಅವತ್ತು ಕಾಲೇಜಿಗೆ ತಡವಾಗಿ ಬಂದರು. ನನ್ನ ಕಂಡದ್ದೇ, "ಮನ್ಯಾಗಿನವ್ರು ಬಂದಾರ" ಎಂದರು. ಆ ವಾರ ಇಡೀ ತರಗತಿ ಹತ್ತು ಹತ್ತು ಮಂದಿಯಾಗಿ ಅವರ ಪಡಸಾಲೆಗೆ ಹೋಗಿ ಬಂತು.

ಆಗ ಕರೆಂಟು ನಾಲ್ಕು ನಾಲ್ಕು ಗಂಟೆ ಹೋಗುತ್ತಿತ್ತು. ಪಂಪು ನಿಂತರೆ ನೀರಿನೊಳಗೆ ಗಾಳಿಯಿಲ್ಲ. ಅಕ್ಕೋರು ತಂಬಿಗೆಯಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತ ನಿಲ್ಲುತ್ತಿದ್ದರು, ಅವರಿಗೆ ಸಾಕಾದರೆ ಆ ಹುಡುಗಿ, ಆಮೇಲೆ ಸರ್. ಆಮೇಲೆ ತಂದು ಬಿಟ್ಟ ಮೀನುಗಳ ಆಹಾರ ಸೀಗಡಿಯದು. ಹುಟ್ಟಾ ಮಾಂಸ ಮುಟ್ಟದ ಅಕ್ಕೋರ ಫ್ರಿಜ್ಜಿನಲ್ಲಿ ಅದೊಂದು ಡಬ್ಬಿ ಇರುತ್ತಿತ್ತು. ಮೇಲೆ ಅವರದೇ ಅಕ್ಷರದಲ್ಲಿ ‘ಪ್ರಯೋಗ’ ಎಂದು ಬರೆದಿತ್ತು, ಬಂದ ನೆಂಟರು ಕೇಳಬಾರದೆಂದು.

ರಾಜ್ಯವಾಗುವುದು ಖಚಿತವಾದ ದಿನ ಊರೆಲ್ಲ ಬೀದಿಯಲ್ಲಿ ಕುಣಿಯಿತು. ನಾನು ಪೇಡೆಯ ಪೊಟ್ಟಣ ಹಿಡಿದು ಅಕ್ಕೋರ ಮನೆಗೆ ಓಡಿದೆ. ಅವರು ಆಗಲೇ ನಿವೃತ್ತರಾಗಿದ್ದರು. ಬಾಗಿಲಲ್ಲಿ ನಿಂತಿದ್ದರು, ಕಣ್ಣು ತುಂಬಿತ್ತು, ಆದರೆ ನಗಲು ಹಿಂಜರಿಯುತ್ತಿದ್ದರು. ಆಗಾಗ ಮಹಡಿಯ ಕಡೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲಿಳಿದು ಬಂದವಳು ಆ ಹುಡುಗಿ. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಬಿಸಿ ಪಾಯಸ. "ಅಕ್ಕೋರೆ, ನಿಮ್ಮದು ಆತಲ್ರಿ, ಬಾಯಿ ಸಿಹಿ ಮಾಡ್ಕೋರಿ" ಎಂದಳು. ಅಕ್ಕೋರು ಅವಳ ಭುಜ ಹಿಡಿದುಕೊಂಡು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ನೌಕರರನ್ನು ಎರಡು ರಾಜ್ಯಗಳಿಗೆ ಹಂಚಿದಾಗ ಸರ್‌ಗೆ ಅವರ ಕಡೆಯೇ ಕೊಟ್ಟರು. ಹೊರಡುವಾಗ ತೊಟ್ಟಿಯನ್ನು ಅಕ್ಕೋರಿಗೇ ಬಿಟ್ಟು ಹೋದರು. ಆಮೇಲಿನ ವರ್ಷಗಳಲ್ಲಿ ಪ್ರತಿ ಭಾನುವಾರ ಫೋನು ಬರುತ್ತಿತ್ತು. ನೀರಿನ ಉಪ್ಪೆಷ್ಟು, ಹವಳ ತೆರೆದಿದೆಯೇ, ನಿಮ್ಮ ಮೊಣಕಾಲು ಹೇಗಿದೆ, ಇದೇ ಕ್ರಮದಲ್ಲಿ.

ಅಕ್ಕೋರ ಮಣ್ಣಿಗೆ ಅವರಿಬ್ಬರಿಗೂ ಬರಲಾಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂದರು. ಅವಳಿಗೆ ಈಗ ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು. ನೆಂಟರೆಲ್ಲ ಒಳಗಿದ್ದಾಗ ನಾವಿಬ್ಬರೂ ಪಡಸಾಲೆಯಲ್ಲಿ ತೊಟ್ಟಿಯ ಮುಂದೆ ಕುಳಿತಿದ್ದೆವು. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಅವತ್ತು ಬಂತು.

"ನಿಮಗ ಒಂದು ಮಾತು ಹೇಳಬೇಕಾಗಿತ್ರಿ. ಮುಷ್ಕರದ ದಿನದಾಗ ನಾ ಮೊದಲ ಸಲ ಈ ಮನಿಗಿ ಬಂದಿದ್ದು ಇದನ್ನ ತಿಕ್ಕಾಕಲ್ಲ."

"ಗೊತ್ತದರಿ" ಎಂದಳು. "ನಾ ಮೆಟ್ಟಿಲ ಮ್ಯಾಲ ಕುಂತಿದ್ದೆ. ಆಗ ನಂಗ ಕನ್ನಡ ಬರ್ತಿದ್ದಿಲ್ಲ. ಆದ್ರ ಖಾಲಿ ಅಂದ್ರ ತೆಲುಗಿನ್ಯಾಗೂ ಖಾಲೀನೇ ಅಲ್ಲೇನ್ರಿ?"

ಅವಳೇ ಮುಂದುವರಿಸಿದಳು. "ನೀವು ಹೋದ ಮ್ಯಾಲ ಕೆಳಗ ಬಂದು ಅಕ್ಕೋರ ಮುಂದ ಅತ್ತೆ. ‘ಆಕಿ ಬಂದ್ರ ನಾ ಕೆಳಗ ಇಳಿಯಂಗಿಲ್ಲ’ ಅಂದೆ. ಅಕ್ಕೋರು ಅಂದ್ರು, ‘ಆಕಿ ಕೆಟ್ಟಾಕಿ ಅಲ್ಲ, ಸಣ್ಣಾಕಿ. ನಾಳೆ ಬರ್ತಾಳ ನೋಡು. ಬಂದ್ರ ಚಾ ನೀನೇ ಒಯ್ದು ಕೊಡು.’"

ನಿಜ. ಮರುದಿನ ನನಗೆ ಚಹಾ ತಂದವಳು ಅವಳೇ. ಬಟ್ಟಲನ್ನು ನನ್ನ ಕೈಗೆ ಕೊಡದೆ, ಒಂದು ಮಾರು ದೂರದಲ್ಲಿ ನೆಲದ ಮೇಲಿಟ್ಟು, ಎದುರು ಬದಿಗೆ ಹೋಗಿ ಕುಳಿತಿದ್ದಳು. ಅವರಲ್ಲಿ ಮಡಿ ಇರಬೇಕೆಂದುಕೊಂಡು ನಾನೇ ಎದ್ದು ತೆಗೆದುಕೊಂಡು ಕುಡಿದಿದ್ದೆ. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ದಿನ ಅವಳು ಬಟ್ಟಲನ್ನು ಸೆರಗಿನಿಂದ ಒರೆಸಿ ನನ್ನ ಕೈಗೇ ಕೊಟ್ಟಳು.